ಗುಜರಿಗೆ ಹೋದ ಸೈಲೆನ್ಸರ್

ಚಿಕ್ಕಪ್ಪನ ಯೆಜ್ಡಿಯ ಎರಡೂ ಸೈಲೆನ್ಸರ್‌ಗಳನ್ನು ನಾನು ಗುಜರಿಗೆ ಹಾಕಿದ್ದು 240 ರೂಪಾಯಿಗೆ. ಕೆ.ಜಿ. ಲೆಕ್ಕ. ತಕ್ಕಡಿ ಹಿಡಿದವನು "ಒಳಗೆ ಮಸಿ ಜಾಸ್ತಿ ಇದೆ ಸಾರ್" ಅಂತ ಅರ್ಧ ಕೆ.ಜಿ. ಮುರಿದುಕೊಂಡ ಬೇರೆ. ಅದೇ ದಿನ ಮಧ್ಯಾಹ್ನ 9,500 ರೂಪಾಯಿ ಕೊಟ್ಟು ಹೊಸ "ಪರ್ಫಾರ್ಮೆನ್ಸ್ ಎಕ್ಸಾಸ್ಟ್" ಹಾಕಿಸಿದೆ. ಇವತ್ತು ಆ ಹೊಸದು ನನ್ನ ಬಾಲ್ಕನಿಯ ಮೂಲೆಯಲ್ಲಿ, ಒಣಗಿದ ತುಳಸಿ ಕುಂಡದ ಪಕ್ಕ ಬಿದ್ದಿದೆ. ಹಳೇದು ಯಾವ ಕುಲುಮೆಯಲ್ಲಿ ಕರಗಿ ಏನಾಯಿತೋ ದೇವರಿಗೇ ಗೊತ್ತು.

ನಮ್ಮಲ್ಲಿ ಸಿನಿಮಾಕ್ಕೆ ವಿಮರ್ಶೆ ಇದೆ, ಮೊಬೈಲಿಗೆ ಇದೆ, ಬಿರಿಯಾನಿಗೂ ಇದೆ. ಸೈಲೆನ್ಸರ್‌ಗೆ ಮಾತ್ರ ಇಲ್ಲ. ಇರೋದೆಲ್ಲ "ಸೌಂಡ್ ಚೆಕ್". ಹಾಗಾಗಿ ಇದನ್ನು ಒಂದು ವಿಮರ್ಶೆ ಅಂತಲೇ ಓದಿಕೊಳ್ಳಿ. ಬೈಕ್ ಓಡಿಸದವರೂ ಓದಬಹುದು, ರಾತ್ರಿ ಹನ್ನೊಂದಕ್ಕೆ ನಿಮ್ಮ ಬೀದಿಯಲ್ಲಿ ಯಾರೋ ಗುಂಡು ಹಾರಿಸಿದ ಹಾಗೆ ಹಾದುಹೋದಾಗ ಶಾಪ ಹಾಕೋದು ನೀವೇ ತಾನೆ.

ಮೊದಲು ಗಾಡಿಯ ಪರಿಚಯ. ಯೆಜ್ಡಿ ರೋಡ್‌ಕಿಂಗ್, 1984ನೇ ಮಾಡೆಲ್, 250 ಸಿಸಿ, ಟೂ-ಸ್ಟ್ರೋಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. 1960ರಲ್ಲಿ ಶುರುವಾದ ಆ ಕಂಪನಿ ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲೇ ಬೈಕ್ ಮಾಡಿತು. 70ರ ದಶಕದಲ್ಲಿ ಯೆಜ್ಡಿ ಅನ್ನೋ ಸ್ವಂತ ಹೆಸರಿಗೆ ಬಂತು. 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಂದೇ ಸಿಲಿಂಡರ್, ಆದರೆ ಹೊಗೆ ಹೋಗಲು ಎರಡು ಕೊಳವೆ, ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸೈಲೆನ್ಸರ್. ಗೆಳೆಯರು ಇದನ್ನು "ವಿಂಟೇಜ್" ಅಂತಾರೆ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪವೂ ಉಳಿದಿರಬೇಕು. ನಮ್ಮದಕ್ಕೆ ವಯಸ್ಸೂ ಸಾಲದು, ನನ್ನ ದೆಸೆಯಿಂದ ಮೂಲ ರೂಪವೂ ಉಳಿದಿಲ್ಲ.

ನಮ್ಮೂರು ಹುಣಸೂರು ತಾಲ್ಲೂಕು. ಹೊಗೆಸೊಪ್ಪಿನ ಸೀಮೆ. ಚಿಕ್ಕಪ್ಪ ಈ ಗಾಡಿ ಮೇಲೆ ಹೊಗೆಸೊಪ್ಪಿನ ಹೊರೆ, ಯೂರಿಯಾ ಚೀಲ, ಹೆರಿಗೆ ನೋವು ಬಂದ ಚಿಕ್ಕಮ್ಮ, ಎಲ್ಲವನ್ನೂ ಸಾಗಿಸಿದ್ದಾರೆ. ವರ್ಷಕ್ಕೊಂದು ಸಲ ಸೈಲೆನ್ಸರ್ ತುದಿಯ ಬೋಲ್ಟ್ ಬಿಚ್ಚಿ, ಒಳಗಿನ ತೂತು ತೂತಿನ ಬ್ಯಾಫಲ್ ಎಳೆದು, ಬಚ್ಚಲೊಲೆಯ ಕೆಂಡಕ್ಕೆ ಹಾಕೋರು. ಎಣ್ಣೆ ಮಸಿಯೆಲ್ಲ ಉರಿದು ಹೋಗಬೇಕು, ಅದಕ್ಕೆ. ಚಿಕ್ಕಮ್ಮ "ಹಂಡೆ ನೀರಿಗೆಲ್ಲ ಪೆಟ್ರೋಲ್ ವಾಸ್ನೆ" ಅಂತ ಕೂಗಾಡೋರು. ನಾನು ಪಕ್ಕದಲ್ಲಿ ಕೂತು, ಇದನ್ನ ಯಾಕೆ ಸುಡ್ಬೇಕು ಚಿಕ್ಕಪ್ಪ ಅಂತ ಕೇಳಿದ್ದೆ. "ಮೂಗು ಕಟ್ಕಂಡ್ರೆ ನಿಂಗೆ ಓಡಕಾಯ್ತದೇನ್ಲಾ?" ಅಂದಿದ್ದರು.

ಬಿಇ ನಾಲ್ಕು ವರ್ಷದಲ್ಲಿ ಥರ್ಮೋಡೈನಾಮಿಕ್ಸ್ ಹೆಸರು ಕೇಳಿ ಓಡಿಹೋಗಿ ಕಂಪ್ಯೂಟರ್ ಸೈನ್ಸ್ ಸೇರಿದವನು ನಾನು. ಆ ಒಂದು ವಾಕ್ಯದಲ್ಲಿ ಅರ್ಧ ಪಾಠ ಇತ್ತು ಅಂತ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು.

ಚಿಕ್ಕಪ್ಪನಿಗೆ ಮಂಡಿ ನೋವು ಬಂದ ಮೇಲೆ ಗಾಡಿ ಬೆಂಗಳೂರಿಗೆ, ನನ್ನ ಹತ್ತಿರ ಬಂತು. ಸೈಲೆನ್ಸರ್‌ನ ಕ್ರೋಮ್ ಎದ್ದು ಹೋಗಿತ್ತು, ಬಲಗಡೆಯದರ ಅಡಿಯಲ್ಲಿ ಬೆರಳು ತೂರುವಷ್ಟು ತೂತು. ಬದಲಾಯಿಸಬೇಕಾದ್ದು ನಿಜ. ಆದರೆ ಯಾವುದನ್ನು ಹಾಕೋದು ಅಂತ ನಾನು ತೀರ್ಮಾನ ಮಾಡಿದ್ದು ಹೇಗೆ ಗೊತ್ತಾ? 38 ಸೆಕೆಂಡಿನ ಒಂದು ವಿಡಿಯೊ ನೋಡಿ.

ಈ ಸೌಂಡ್ ಚೆಕ್ ಅನ್ನೋ ಪ್ರಕಾರವನ್ನು ಒಮ್ಮೆ ವಿಮರ್ಶಕನ ಕಣ್ಣಿಂದ ನೋಡಿ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಂತಿರುತ್ತೆ. ಗೇರ್ ನ್ಯೂಟ್ರಲ್. ಒಬ್ಬ ಆಕ್ಸಿಲರೇಟರ್ ಹಿಂಡ್ತಾನೆ, ಇನ್ನೊಬ್ಬ ಹಿಂದಿನಿಂದ ಫೋನ್ ಹಿಡಿದಿರ್ತಾನೆ. ಅಷ್ಟೇ. ಎಂಜಿನ್ ಮೇಲೆ ಒಂದು ಗುಲಗಂಜಿ ಭಾರ ಇಲ್ಲ. ಏರು ಇಲ್ಲ, ಹಿಂದೆ ಕೂತವರಿಲ್ಲ, ಎರಡನೇ ಗೇರಿನಲ್ಲಿ ಸಿಗ್ನಲ್ ದಾಟುವ ಪರದಾಟ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲೋಡ್ ಟೆಸ್ಟ್ ಇಲ್ಲದ ಡೆಮೊ. ಆಫೀಸಿನಲ್ಲಿ ಇಂಥ ಡೆಮೊ ತೋರಿಸಿದವನನ್ನು ನಾವು ಹತ್ತು ಪ್ರಶ್ನೆ ಕೇಳಿ ಬೆವರಿಳಿಸ್ತೀವಿ. ವಾರಾಂತ್ಯಕ್ಕೆ ಅದೇ ನಾವು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು "ವಾವ್ ಗುರೂ" ಅಂತೀವಿ.

ಇನ್ನೊಂದು ಮೋಸ ಫೋನಿನದ್ದೇ. ಸದ್ದು ಜಾಸ್ತಿಯಾದರೆ ಫೋನಿನ ಮೈಕು ತಾನಾಗಿ ಅದನ್ನು ತಗ್ಗಿಸಿಕೊಳ್ಳುತ್ತದೆ, ಕಡಿಮೆಯಾದರೆ ಏರಿಸಿಕೊಳ್ಳುತ್ತದೆ. ಕಿವಿ ಕಿತ್ತುಹೋಗುವ ಸೈಲೆನ್ಸರೂ ಹದವಾದ ಸೈಲೆನ್ಸರೂ ವಿಡಿಯೊದಲ್ಲಿ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಕೇಳುತ್ತವೆ. ಉಳಿಯೋದು ಸದ್ದಿನ ಬಣ್ಣ ಮಾತ್ರ. ನೀವು ಆ ಬಣ್ಣ ನೋಡಿ ಕೊಂಡ ಮಾಲು ಮನೆ ಮುಂದೆ ಸ್ಟಾರ್ಟ್ ಆದಾಗ ಅದರ ಅಳತೆ ಗೊತ್ತಾಗುತ್ತೆ. ಆಗ ಪಕ್ಕದ ಮನೆಯವರಿಗೂ ಗೊತ್ತಾಗಿರುತ್ತೆ.

ಅಂಗಡಿಯಲ್ಲಿ ನನಗೆ ಹೇಳಿದ ಮಾತು ಇದು: "ಒರಿಜಿನಲ್ ಸೈಲೆನ್ಸರ್ ಎಂಜಿನ್‌ನ ಕತ್ತು ಹಿಸುಕುತ್ತೆ ಸಾರ್. ಇದು ಫ್ರೀ ಫ್ಲೋ. ಹಾಕಿದ್ರೆ ಪವರ್ ಬರುತ್ತೆ." ನಾನು ತಲೆಯಾಡಿಸಿದೆ. ಕೇಳಲು ತರ್ಕಬದ್ಧವಾಗಿಯೇ ಇದೆ. ಚಿಕ್ಕಪ್ಪನ ಮೂಗಿನ ಮಾತಿಗೂ ತಾಳೆಯಾಗುತ್ತೆ. ಆದರೆ ಚಿಕ್ಕಪ್ಪ ಹೇಳಿದ್ದು ಮೂಗು ಕಟ್ಟಬಾರದು ಅಂತ. ಮೂಗನ್ನೇ ಕೊಯ್ಯಿ ಅಂತ ಅಲ್ಲ.

ಟೂ-ಸ್ಟ್ರೋಕ್ ಎಂಜಿನ್ ಹೇಗೆ ಉಸಿರಾಡುತ್ತೆ ಅಂತ ಸ್ವಲ್ಪ ನೋಡೋಣ. ಅದಕ್ಕೆ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವುಗಳ ಬಾಗಿಲು. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತೆ, ಸ್ವಲ್ಪ ಹೊತ್ತಿಗೆ ಹೊಸ ಪೆಟ್ರೋಲ್ ಮಿಶ್ರಣದ ಕಿಂಡಿ. ಅಂದರೆ ಒಂದಷ್ಟು ಕಾಲ ಎರಡೂ ತೆರೆದೇ ಇರುತ್ತವೆ. ಮೆಜೆಸ್ಟಿಕ್‌ನಲ್ಲಿ ಬಸ್ ನಿಂತಾಗ ಇಳಿಯುವವರು, ಹತ್ತುವವರು ಒಟ್ಟಿಗೆ ನುಗ್ಗಿದ ಹಾಗೆ. ಇಳಿಯುವವರ ರಭಸಕ್ಕೆ ಈಗಷ್ಟೇ ಹತ್ತಿದವರೂ ಒಂದಿಬ್ಬರು ಆಚೆ ಬಿದ್ದುಬಿಡ್ತಾರೆ. ಆಗ ಬಾಗಿಲ ಹತ್ತಿರ ನಿಂತ ಕಂಡಕ್ಟರ್ ಅವರನ್ನು ಒಳಕ್ಕೆ ದಬ್ಬಿ "ರೈಟ್" ಅನ್ನಬೇಕು.

ಟೂ-ಸ್ಟ್ರೋಕ್‌ನಲ್ಲಿ ಆ ಕಂಡಕ್ಟರ್ ಕೆಲಸ ಮಾಡೋದು ಸೈಲೆನ್ಸರ್ ಕೊಳವೆ. ಹೊಗೆ ಹೊರಬಿದ್ದಾಗ ಜೊತೆಗೆ ಒಂದು ಒತ್ತಡದ ಅಲೆ ಹೊರಡುತ್ತೆ. ಕೊಳವೆ ಅಗಲವಾಗುವ ಕಡೆ ಆ ಅಲೆ ತಿರುವುಮುರುವಾಗಿ ಹಿಂದಿರುಗಿ ಹೊಗೆಯನ್ನು ಎಳೆಯುತ್ತೆ. ಕೊಳವೆ ಮತ್ತೆ ಕಿರಿದಾಗುವ ಕಡೆ ಬಡಿದು ಒತ್ತಡವಾಗಿಯೇ ವಾಪಸ್ ಬರುತ್ತೆ, ಆಚೆ ಹೊರಟಿದ್ದ ಹೊಸ ಮಿಶ್ರಣವನ್ನು ಸಿಲಿಂಡರ್ ಒಳಕ್ಕೆ ದಬ್ಬುತ್ತೆ. ಎಲ್ಲ ಸರಿಯಾಗಿ ನಡೆದರೆ ಅದೇ ಕ್ಷಣಕ್ಕೆ ಪಿಸ್ಟನ್ ಬಾಗಿಲು ಹಾಕುತ್ತೆ. ಹೊಟ್ಟೆ ಉಬ್ಬಿ ಬಾಲ ಸಣಕಲಾದ ರೇಸ್ ಬೈಕಿನ ಕೊಳವೆ ನೋಡಿರ್ತೀರಲ್ಲ, ಎಕ್ಸ್‌ಪ್ಯಾನ್ಶನ್ ಚೇಂಬರ್ ಅಂತಾರೆ, ಅದರ ಆಕಾರ ಚಂದಕ್ಕಲ್ಲ, ಇದಕ್ಕೆ.

ಈಗ ಲೆಕ್ಕ. ಹೆದರಬೇಡಿ, ಪಿಯುಸಿ ಮಟ್ಟದ್ದೇ.

ರೋಡ್‌ಕಿಂಗ್ ಎಂಜಿನ್ ತನ್ನ ಸುಮಾರು 16 ಅಶ್ವಶಕ್ತಿ ಕೊಡೋದು ನಿಮಿಷಕ್ಕೆ 4,500 ಸುತ್ತಿನ ಆಸುಪಾಸಿನಲ್ಲಿ. ಅಂದರೆ ಸೆಕೆಂಡಿಗೆ 75 ಸುತ್ತು, ಒಂದು ಸುತ್ತಿಗೆ 13.3 ಮಿಲಿಸೆಕೆಂಡ್. ಒಂದು ಸುತ್ತಿನ 360 ಡಿಗ್ರಿಯಲ್ಲಿ ಹೊಗೆಯ ಕಿಂಡಿ 160 ಡಿಗ್ರಿ ತೆರೆದಿರುತ್ತೆ ಅಂದುಕೊಳ್ಳೋಣ. ಸುಮಾರು 6 ಮಿಲಿಸೆಕೆಂಡ್ ಆಯಿತು. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಅಂತ ಹಿಡಿದರೆ, ಅಷ್ಟು ಹೊತ್ತಿನಲ್ಲಿ ಅಲೆ 3 ಮೀಟರ್ ಓಡುತ್ತೆ. ಹೋಗಿ ಬರಬೇಕಲ್ಲ, ಹಾಗಾಗಿ ಅಲೆ ಬಡಿದು ತಿರುಗುವ ಜಾಗ ಎಂಜಿನ್‌ನಿಂದ ಒಂದೂವರೆ ಮೀಟರ್ ದೂರ ಇರಬೇಕು. ಸ್ಥೂಲ ಲೆಕ್ಕ, ಇಂಚು ಟೇಪಿನ ನಿಖರತೆ ಬೇಡ. ಆದರೆ ಯೆಜ್ಡಿಯ ಸೈಲೆನ್ಸರ್ ಹಿಂದಿನ ಚಕ್ರದವರೆಗೂ ಯಾಕೆ ಚಾಚಿಕೊಂಡಿದೆ ಅನ್ನೋದು ಇಷ್ಟರಲ್ಲೇ ಅರ್ಥವಾಗುತ್ತೆ.

ಎಲ್ಲ ಮುಗಿದ ಮೇಲೆ ಬಾಲ್ಕನಿಯಲ್ಲಿ ಕೂತು ಟೇಪ್ ಹಿಡಿದೆ. ನಾನು 9,500 ಕೊಟ್ಟು ತಂದ ಚೇಂಬರ್‌ನಲ್ಲಿ ಅಲೆ ತಿರುಗುವ ಜಾಗ ಇದ್ದದ್ದು 80 ಸೆಂಟಿಮೀಟರಿಗೆ. ಅದೇ ಲೆಕ್ಕವನ್ನು ತಿರುವಿ ಹಾಕಿದರೆ ಅದು ಕೆಲಸ ಮಾಡಬೇಕಾದ್ದು ನಿಮಿಷಕ್ಕೆ 8,000 ಸುತ್ತಿನ ಮೇಲೆ. ಚಿಕ್ಕಪ್ಪನ ಯೆಜ್ಡಿ ಹುಟ್ಟಿದಾಗಿನಿಂದ ಒಂದು ದಿನವೂ ಅಲ್ಲಿಗೆ ಹೋಗಿಲ್ಲ, ಹೋಗೋದೂ ಇಲ್ಲ. ಅದು ಓಡುವ ವೇಗದಲ್ಲಿ ಕಂಡಕ್ಟರ್ ಬೇಗ ಬಂದು, ಇಳಿಯುವವರನ್ನೇ ಒಳಕ್ಕೆ ದಬ್ಬಿ ಹೋಗಿಬಿಡ್ತಾನೆ. ಹತ್ತುವವರು ಆಚೆ ಬೀಳುವಾಗ ಬಾಗಿಲಲ್ಲಿ ಯಾರೂ ಇಲ್ಲ.

ಇದು ರಹಸ್ಯ ವಿದ್ಯೆಯೂ ಅಲ್ಲ. ಒಂದು ಕಾಲಕ್ಕೆ ಆಗಿತ್ತು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನೋ ಎಂಜಿನಿಯರ್ ಈ ಅಲೆಗಳ ಹಿಂದೆ ಬಿದ್ದ. ದುಡ್ಡಿಲ್ಲದ ದೇಶ, ಸಾಮಾನು ಸಿಗದ ಕಾರ್ಖಾನೆ. ಆಸಿಲೋಸ್ಕೋಪ್‌ನಲ್ಲಿ ಕೊಳವೆಯೊಳಗಿನ ಒತ್ತಡ ನೋಡಿ, ಕೊಳವೆ ಕತ್ತರಿಸಿ, ಬೆಸೆದು, ಮತ್ತೆ ಅಳೆದು, 1961ರ ಹೊತ್ತಿಗೆ 125 ಸಿಸಿಯ ಪುಟ್ಟ ಎಂಜಿನ್‌ನಿಂದ 25 ಅಶ್ವಶಕ್ತಿ ತೆಗೆದ. ಅದೇ ವರ್ಷ ಬರ್ಲಿನ್ ಗೋಡೆ ಎದ್ದ ಮರುತಿಂಗಳು, ಅವನ ತಂಡದ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್‌ನ ರೇಸಿಗೆ ಹೋದವನು ವಾಪಸ್ ಬರಲಿಲ್ಲ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಡೆಗ್ನರ್ ಜಪಾನಿನ ಸುಜುಕಿ ಸೇರಿದ. ಮರುವರ್ಷ 1962ರಲ್ಲಿ ಸುಜುಕಿ ಬೈಕ್ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದ.

ಆ ಕತೆಯಲ್ಲಿ ಗಡಿ ದಾಟಿದ್ದು ಏನು? ಉಬ್ಬಿದ ಕೊಳವೆಯ ಆಕಾರವನ್ನು ರೇಸ್ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು, ಫೋಟೊನೂ ತೆಗೀಬಹುದಿತ್ತು. ಗಡಿ ದಾಟಿದ್ದು ಅಳತೆ. ಯಾವ ಎಂಜಿನ್‌ಗೆ ಎಷ್ಟು ಉದ್ದ, ಎಷ್ಟು ಇಳಿಜಾರು, ಯಾಕೆ ಅನ್ನೋ ತಿಳಿವಳಿಕೆ. ನಮ್ಮ ಬಿಡಿಭಾಗದ ಅಂಗಡಿಗಳು ಮಾರುತ್ತಿರೋದು ಅಳತೆ ಬಿಟ್ಟ ಆಕಾರ. ಆಫ್ಟರ್‌ಮಾರ್ಕೆಟ್ ಸೈಲೆನ್ಸರ್‌ಗಳ ಮೇಲೆ ನನ್ನ ದೊಡ್ಡ ತಕರಾರು ಇದೇ. ಒಂದು ಕೆಟಿಎಂನಿಂದ ಇಳಿದ ಡಿಸೈನು, ಒಂದು ಆರ್‌ಎಕ್ಸ್ 100ನಿಂದ ಇಳಿದ ಹೊಟ್ಟೆ, ಬುಲೆಟ್‌ನಿಂದ ಬಂದ ಮಾತು, ಎಲ್ಲ ಸೇರಿಸಿ "ಯೂನಿವರ್ಸಲ್ ಫಿಟ್" ಅಂತ ಚೀಟಿ. ಎಲ್ಲರ ಕಾಲಿಗೂ ಆಗುವ ಚಪ್ಪಲಿ ಯಾರ ಕಾಲಿಗೂ ಆಗೋದಿಲ್ಲ.

ಬುಲೆಟ್‌ನವರ ಮಾತು ಅಂದೆ. ಅದನ್ನೂ ಹೇಳಿಬಿಡ್ತೀನಿ. ಬುಲೆಟ್ ಫೋರ್-ಸ್ಟ್ರೋಕ್. ಅದಕ್ಕೆ ವಾಲ್ವ್‌ಗಳಿವೆ, ಬಾಗಿಲು ತೆಗೆಯೋದು ಹಾಕೋದು ಕ್ಯಾಮ್‌ನ ಜವಾಬ್ದಾರಿ. ಅಲ್ಲೂ ಸೈಲೆನ್ಸರ್‌ಗೆ ಬೆಲೆ ಇದೆ, ಆದರೆ ತಪ್ಪು ಕೊಳವೆ ಹಾಕಿದರೆ ಗಾಡಿ ಒಂದಷ್ಟು ಕ್ಷಮಿಸುತ್ತೆ. ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಅಂದರೆ ಎಂಜಿನ್‌ನ ಆಚೆ ಉಳಿದ ಅರ್ಧ. ಅದು ಕ್ಷಮಿಸಲ್ಲ. ಬುಲೆಟ್ ಗೆಳೆಯನ ಸಲಹೆ ಯೆಜ್ಡಿಗೆ ಹಾಕೋದು ಎಮ್ಮೆಗೆ ಹೇಳಿದ ಔಷಧಿ ಕೋಳಿಗೆ ಕುಡಿಸಿದ ಹಾಗೆ.

ಸರಿ, ಹಾಕಿಸಿದ್ದಾಯ್ತು. ಏನಾಯ್ತು?

ಮೊದಲ ವಾರ ಹಬ್ಬ. ಸಿಗ್ನಲ್‌ನಲ್ಲಿ ಜನ ತಿರುಗಿ ನೋಡೋರು. ನಾನು ಅದನ್ನು ಮೆಚ್ಚುಗೆ ಅಂದುಕೊಂಡಿದ್ದೆ. ಗಾಡಿ ಚುರುಕಾಗಿದೆ ಅಂತಲೂ ಅನ್ನಿಸಿತ್ತು. ಇದು ನಾನು ಕಂಡುಕೊಂಡ ಇನ್ನೊಂದು ಸತ್ಯ: ಸದ್ದು ಜಾಸ್ತಿಯಾದರೆ ವೇಗ ಜಾಸ್ತಿಯಾದ ಹಾಗೆ ಮೈಗೆ ಅನ್ನಿಸುತ್ತೆ. ಎರಡನೇ ವಾರ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ನಂದಿ ಬೆಟ್ಟದ ಏರು ಹತ್ತುವಾಗ ಗೊತ್ತಾಯಿತು. ಮೊದಲು ಮೂರನೇ ಗೇರಿನಲ್ಲಿ ಗೊಣಗುತ್ತ ಹತ್ತುತ್ತಿದ್ದ ಗಾಡಿ ಈಗ ಎರಡನೇ ಗೇರಿನಲ್ಲಿ ಕಿರುಚುತ್ತ ಹತ್ತಿತು. ಚಿಕ್ಕಮ್ಮನನ್ನೂ ಯೂರಿಯಾ ಚೀಲವನ್ನೂ ಎಳೆದ ಆ ಕೆಳಗಿನ ಕಸುವು, ಯೆಜ್ಡಿಯನ್ನು ಯೆಜ್ಡಿ ಮಾಡಿದ್ದೇ ಅದು, ಮಾಯ.

ನಾನು ಬಾಡಿಗೆಗಿರೋ ಮನೆಯ ಓನರ್ ಅವರ ತಾಯಿ ಕೆಳಗಿನ ಮನೆಯಲ್ಲಿರ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕು, "ನೀನು ಎಷ್ಟು ಗಂಟೆಗೆ ಬರ್ತೀಯ, ಎಷ್ಟು ಗಂಟೆಗೆ ಹೋಗ್ತೀಯ ಅಂತ ಈಗ ನಂಗೆ ಚೆನ್ನಾಗಿ ಗೊತ್ತಾಗುತ್ತಪ್ಪ" ಅಂದರು. ಬೈಗುಳ ಇಲ್ಲ, ಸಿಟ್ಟೂ ಇಲ್ಲ. "ಮಾತ್ರೆ ತಗೊಂಡು ಹತ್ತಕ್ಕೆ ಮಲಗ್ತೀನಿ, ಹನ್ನೊಂದೂವರೆಗೆ ಎದ್ದು ನೀನು ಬಂದೆ ಅಂದ್ಕೊಂಡು ಮತ್ತೆ ಮಲಗ್ತೀನಿ" ಅಂತ ನಕ್ಕರು. ನನ್ನ ಓಡಾಟದ ಲೆಕ್ಕ ಅವರಿಗೆ ಬೇಕಿರಲಿಲ್ಲ. ನಾನು ಬಲವಂತವಾಗಿ ಒಪ್ಪಿಸಿದ್ದೆ.

ಕಾನೂನು ಏನನ್ನುತ್ತೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಎಕ್ಸ್‌ಪ್ಯಾನ್ಶನ್ ಚೇಂಬರ್‌ನಿಂದಲೋ ಬೇರೆ ರೀತಿಯಿಂದಲೋ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ತಮಾಷೆ ನೋಡಿ. ಕಾನೂನಿನಲ್ಲಿ ಸದ್ದು ತಗ್ಗಿಸಲು ಇರುವ ಎಕ್ಸ್‌ಪ್ಯಾನ್ಶನ್ ಚೇಂಬರ್, ಅಂಗಡಿಯಲ್ಲಿ ಸದ್ದು ಏರಿಸಲು ಮಾರಾಟಕ್ಕಿದೆ. ಮೋಟಾರು ವಾಹನ ಕಾಯ್ದೆಯ 190(2) ಕಲಮಿನಲ್ಲಿ ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಮೂರು ತಿಂಗಳು ಲೈಸೆನ್ಸೂ ಹೋಗುತ್ತೆ. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೊಗಳನ್ನು ನೀವೂ ನೋಡಿರ್ತೀರಿ. ಒಳ್ಳೆ ದೃಶ್ಯ. ಆದರೆ ರೋಲರ್ ಹತ್ತೋದು ಕೊಂಡವನ ಮಾಲಿನ ಮೇಲೆ. ಮಾರಿದವನ ಅಂಗಡಿ ಮುಂದೆ ಮರುದಿನ ಬೆಳಿಗ್ಗೆ ಹೊಸ ಲೋಡು ಇಳಿಯುತ್ತೆ.

ನನಗೆ ಬುದ್ಧಿ ಬಂದದ್ದು ಅಜ್ಜಿಯಿಂದಲೂ ಅಲ್ಲ, ಕಾನೂನಿನಿಂದಲೂ ಅಲ್ಲ ಅಂತ ಹೇಳಲು ನಾಚಿಕೆಯಾಗುತ್ತೆ. ಬಂದದ್ದು ಮದ್ದೂರಿನ ಹತ್ತಿರ.

ಯುಗಾದಿಗೆ ಊರಿಗೆ ಹೊರಟಿದ್ದೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗ್ತಿದ್ದೆ. ಬೆಳಗಿನ ಖಾಲಿ ರಸ್ತೆ, ಹತ್ತು ನಿಮಿಷ ಆಕ್ಸಿಲರೇಟರ್ ಪೂರ್ತಿ ಹಿಂಡಿದ್ದೆ. ಮುಂದೆ ಹಂಪ್ ಕಂಡು ಕೈ ಬಿಟ್ಟೆ. ಕ್ರೀಂ ಅಂತ ಒಂದು ಸದ್ದು, ಹಿಂದಿನ ಚಕ್ರ ಕಚ್ಚಿಕೊಂಡು ಎಳೆದಾಡಿತು. ಕ್ಲಚ್ ಹಿಡಿದದ್ದು ಅಭ್ಯಾಸಬಲವೋ ಪುಣ್ಯವೋ, ಬೀಳಲಿಲ್ಲ. ಹಿಂದೆಯೇ ಒಂದು ಕಬ್ಬಿನ ಟ್ರ್ಯಾಕ್ಟರ್ ಇತ್ತು. ಅದರ ಡ್ರೈವರ್ ಬ್ರೇಕ್ ತುಳಿದ. ಆಮೇಲೆ ಬೈದ. ಎರಡಕ್ಕೂ ನಾನು ಋಣಿ.

ಪಿಸ್ಟನ್ ಸೀಜ್ ಆಗಿತ್ತು. ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಮೈಸೂರಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಒಬ್ಬರು, ನನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಯೆಜ್ಡಿ ಬಿಚ್ಚಿದವರು, ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. "ಸುಣ್ಣ ಬಳ್ದಂಗೈತಲ್ಲ ಸಾರ್" ಅಂದರು. ಪ್ಲಗ್ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಟೂ-ಸ್ಟ್ರೋಕ್‌ನಲ್ಲಿ ಎಂಜಿನ್ ಎಣ್ಣೆ ಬರೋದೂ ಪೆಟ್ರೋಲ್ ಜೊತೆಯಲ್ಲೇ. ನಾವು ಲೀಟರಿಗೆ 40 ಮಿ.ಲೀ. ಬೆರೆಸಿ ಹಾಕೋದು. ಹಾಗಾಗಿ ಪೆಟ್ರೋಲ್ ಕಡಿಮೆಯಾದರೆ ಬಿಸಿಯೂ ಏರುತ್ತೆ, ಎಣ್ಣೆಯೂ ಸಾಲದಾಗುತ್ತೆ. ಸೈಲೆನ್ಸರ್ ಬದಲಿಸಿದವರು ಕಾರ್ಬ್ಯುರೇಟರ್‌ನ ಜೆಟ್ ಮುಟ್ಟಿರಲಿಲ್ಲ. ಮುಟ್ಟಬೇಕು ಅಂತ ನನಗೆ ಗೊತ್ತಿರಲಿಲ್ಲ, ಅವರು ಹೇಳಲೂ ಇಲ್ಲ. ಜೊತೆಗೆ ಸಿಲಿಂಡರ್‌ಗೆ ಕೊಳವೆ ಬಿಗಿಯುವ ಎಕ್ಸಾಸ್ಟ್ ನಟ್ಟನ್ನು ಸುತ್ತಿಗೆ ಉಳಿಯಲ್ಲಿ ಬಡಿದು ಕೂರಿಸಿ ಬಲಗಡೆಯ ಥ್ರೆಡ್ ಹಾಳು ಮಾಡಿದ್ದರು. ಹೊಸ ಪಿಸ್ಟನ್, ಬೋರಿಂಗ್, ಥ್ರೆಡ್ ರಿಪೇರಿ. ಸೈಲೆನ್ಸರ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಯಿತು.

"ಹಳೇ ಸೈಲೆನ್ಸರ್ ತತ್ತನ್ನಿ ಸಾರ್, ತೂತು ಬೆಸ್ದು ಒಂದಪ ಕ್ರೋಮ್ ಮಾಡಿಸಿದ್ರೆ ಇನ್ನಿಪ್ಪತ್ ವರ್ಷ" ಅಂದರು. ನಾನು ಸುಮ್ಮನೆ ನಿಂತೆ. ಬ್ಯಾಕಪ್ ಇಟ್ಟುಕೊಳ್ಳದೆ ಪ್ರೊಡಕ್ಷನ್ ಬದಲಿಸಬಾರದು ಅಂತ ಜೂನಿಯರ್‌ಗಳಿಗೆ ವಾರಕ್ಕೆರಡು ಸಲ ಉಪದೇಶ ಮಾಡೋನು ನಾನೇ.

ಇಷ್ಟು ಓದಿ "ಹಾಗಾದ್ರೆ ಒರಿಜಿನಲ್ ಬಿಟ್ಟು ಬೇರೆ ಏನೂ ಹಾಕಬಾರದು" ಅಂತ ತೀರ್ಮಾನಕ್ಕೆ ಬರಬೇಡಿ. ಇನ್ನೊಂದು ತುದಿಯವರ ಮೇಲೂ ನನಗೆ ದೂರಿದೆ. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಎಲ್ಲರೂ ಗಾಡಿ ತಗೊಂಡು ಸೇರ್ತೀವಿ. ಅಲ್ಲಿ ಕೆಲವರು ಭೂತಗನ್ನಡಿ ಹಿಡಿದ ಹಾಗೆ ಒಂದೊಂದು ಸ್ಕ್ರೂ ನೋಡಿ "ಇದು ಒರಿಜಿನಲ್ ಅಲ್ಲ" ಅಂತ ಮೂಗು ಮುರೀತಾರೆ. ಕಾರ್ಖಾನೆ 1996ರಲ್ಲೇ ಮುಚ್ಚಿದೆ ಸ್ವಾಮಿ. ಆಗಿನ ಹೊಸ ಸೈಲೆನ್ಸರ್ ಈಗ ಸಿಕ್ಕರೆ ಅದು ನಿಧಿ, ಅದರ ಬೆಲೆಯೂ ನಿಧಿಯದ್ದೇ. ದಿನಾ ಓಡಿಸುವ ರೈತನಿಗೆ, ಮೇಷ್ಟ್ರಿಗೆ, ಹಾಲಿನವನಿಗೆ ಈ ಗಾಡಿ ಇಷ್ಟು ವರ್ಷ ಉಳಿದುಬಂದದ್ದೇ ನಕಲು ಬಿಡಿಭಾಗಗಳಿಂದ, ಮೂಲೆ ಅಂಗಡಿಯ ವೆಲ್ಡಿಂಗ್‌ನಿಂದ. ಆಫ್ಟರ್‌ಮಾರ್ಕೆಟ್ ಅನ್ನೋದು ಬೈಗುಳವಲ್ಲ. ಆಫ್ಟರ್‌ಮಾರ್ಕೆಟ್ ಇಲ್ಲದಿದ್ದರೆ ಜಾವಾ ದಿನಕ್ಕೆ ಬರೋಕೆ ಗಾಡಿಗಳೇ ಇರ್ತಿರಲಿಲ್ಲ.

ಯೆಜ್ಡಿಯ ಮೂಲ ಸೈಲೆನ್ಸರ್ ದೇವರ ವಿಗ್ರಹವೂ ಅಲ್ಲ. ರೇಸ್ ಚೇಂಬರ್‌ನ ಹಾಗೆ ಅಳೆದು ಸುರಿದು ಮಾಡಿದ್ದಲ್ಲ. ಸದ್ದು, ಬೆಲೆ, ಮಸಿ, ಹಳ್ಳಿ ರಸ್ತೆ, ಎಲ್ಲಕ್ಕೂ ಒಪ್ಪುವ ಹಾಗೆ ಮಾಡಿದ ರಾಜಿ. ಅದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯ ಇದೆ. ಅಳತೆ ಗೊತ್ತಿದ್ದವರು ಯೆಜ್ಡಿಗೇ ಅಂತ ಉದ್ದನೆ ಚೇಂಬರ್ ಮಾಡಿ, ತುದಿಗೆ ಸರಿಯಾದ ಸೈಲೆನ್ಸರ್ ಕೂರಿಸಿದರೆ ನಾನೇ ಮೊದಲ ಗಿರಾಕಿ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಸದ್ದು ಕೇಳುವ ಮೊದಲು ಟೇಪ್ ಹಿಡಿಯಿರಿ. ಮೂಲದ ಉದ್ದಕ್ಕೂ ಹೊಟ್ಟೆಯ ಅಗಲಕ್ಕೂ ಹತ್ತಿರ ಇಲ್ಲದಿದ್ದರೆ, ಯಾಕಿಲ್ಲ ಅಂತ ಮಾರುವವನನ್ನು ಕೇಳಿ. ಅವನ ಹತ್ತಿರ ಉತ್ತರ ಇದ್ದರೆ ಕೂತು ಕೇಳಿ, ಇಲ್ಲದಿದ್ದರೆ ಎದ್ದು ಬನ್ನಿ. ತುದಿಯ ಬೋಲ್ಟ್ ಬಿಚ್ಚಿ ಒಳಗೆ ಬ್ಯಾಫಲ್ ಇದೆಯಾ ನೋಡಿ. ಎಷ್ಟೋ ನಕಲುಗಳು ಹೊರಗೆ ಕನ್ನಡಿಯ ಹಾಗೆ ಹೊಳೀತಾವೆ, ಒಳಗೆ ಖಾಲಿ ಡಬ್ಬ. ಬ್ಯಾಫಲ್ ಬಿಚ್ಚಿ ತೊಳೆಯುವ ಹಾಗಿರಬೇಕು, ಬೆಸೆದಿದ್ದರೆ ಎರಡು ವರ್ಷಕ್ಕೆ ಮಸಿ ಕಟ್ಟಿ ಸಾಯುತ್ತೆ. ಎಕ್ಸಾಸ್ಟ್ ನಟ್ಟಿಗೆ ಕೊಕ್ಕೆ ಸ್ಪ್ಯಾನರ್ ಇಲ್ಲದ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬೇಡಿ. ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಪೂರ್ತಿ ಹಿಂಡಿ, ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ ಪ್ಲಗ್ ನೋಡಿ. ಬಿಸ್ಕತ್ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ದೊಡ್ಡ ಜೆಟ್, ಕಪ್ಪಗೆ ಒದ್ದೆಯಾಗಿದ್ದರೆ ಚಿಕ್ಕದು. ಕೊನೆಗೆ, ಹಳೇದನ್ನು ಅಟ್ಟದ ಮೇಲೆ ಎಸೀರಿ, ಗುಜರಿಗೆ ಹಾಕಬೇಡಿ. ರಾತ್ರಿ ಹತ್ತರ ಮೇಲೆ ನಿಮ್ಮ ಬೀದಿಯ ತುದಿಯಿಂದ ಮನೆವರೆಗೂ ಬಂದು, ಕೆಳಗಿನ ಮನೆಯವರನ್ನು ಮಾರನೇ ದಿನ ಒಂದು ಮಾತು ಕೇಳಿ. ಇದು ಪ್ಲಗ್ ನೋಡುವಷ್ಟೇ ಮುಖ್ಯವಾದ ಟೆಸ್ಟು.

ನಾನೀಗ ಹಾಕಿರೋದು ಉದ್ದನೆಯ ನಕಲು ಜೋಡಿ. ಮೆಕ್ಯಾನಿಕ್ ಮೂರು ಜೋಡಿ ತರಿಸಿ, ಬ್ಯಾಫಲ್ ಬಿಚ್ಚಿ ನೋಡಿ, ಎರಡನ್ನು ವಾಪಸ್ ಕಳಿಸಿ, ಮೂರನೆಯದನ್ನು ಒಪ್ಪಿದರು. ಕ್ರೋಮ್ ಅಷ್ಟಕ್ಕಷ್ಟೆ. ಎರಡು ಮಳೆಗಾಲ ಕಳೆದರೆ ತುಕ್ಕು ಖಂಡಿತ. ಆದರೆ ನಂದಿಯ ಏರನ್ನು ಮತ್ತೆ ಮೂರನೇ ಗೇರಿನಲ್ಲಿ ಹತ್ತುತ್ತೆ. ಕೆಳಗಿನ ಮನೆ ಅಜ್ಜಿ "ಊರಲ್ಲಿ ಇರ್ಲಿಲ್ವೇನಪ್ಪ, ಸದ್ದೇ ಇಲ್ಲ" ಅಂತ ಕೇಳಿದರು.

ಚಿಕ್ಕಪ್ಪನ ಪರೀಕ್ಷೆ ಬಾಕಿ ಇತ್ತು. ಹೋದ ದೀಪಾವಳಿಗೆ ಮೊದಲ ಸಲ ಆ ಚೇಂಬರ್ ಹಾಕಿಕೊಂಡು ಊರಿಗೆ ಹೋಗಿದ್ದಾಗ, ಜಗಲಿ ಮೇಲೆ ಕೂತಿದ್ದ ಅವರು "ಯಾರ್ದ್ಲಾ ಅದು ಟಿಲ್ಲರ್ರು?" ಅಂತ ಕೇಳಿ, ನನ್ನನ್ನು ಕಂಡು ಆಮೇಲೆ ಆ ವಿಷಯವನ್ನೇ ಎತ್ತಿರಲಿಲ್ಲ. ಹಳೇದು ಎಲ್ಲಿ ಅಂತಲೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೇದಿತ್ತು.

ಈ ಸಲ ಊರ ಬಾಗಿಲ ಅರಳಿಮರ ದಾಟುತ್ತಿದ್ದ ಹಾಗೆ ಅವರು ಜಗಲಿಯಿಂದ ಎದ್ದು ನಿಂತಿದ್ದು ಕಾಣಿಸಿತು. ಗಾಡಿ ನಿಲ್ಲಿಸಿದೆ. ಆಫ್ ಮಾಡಬೇಡ ಅಂತ ಕೈಸನ್ನೆ ಮಾಡಿ, ಮಂಡಿ ಹಿಡಿದುಕೊಂಡು ಒಂದು ಸುತ್ತು ಬಂದರು. ಎಡಗಡೆ ಸ್ವಲ್ಪ ಹೊತ್ತು, ಬಲಗಡೆ ಸ್ವಲ್ಪ ಹೊತ್ತು ಬಗ್ಗಿ ಕಿವಿ ಕೊಟ್ಟರು.

"ಪರ್ವಾಗಿಲ್ಲ ಕಣ್ಲಾ ಮಗ. ಬಲಗಡೇದು ನಟ್ ತಾವ ಒಸಿ ಉಸ್ರು ಬುಡ್ತೈತೆ."

ಬೆರಳು ಒದ್ದೆ ಮಾಡಿಕೊಂಡು ಹತ್ತಿರ ಹಿಡಿದೆ. ಹೌದು, ಸಣ್ಣಗೆ ಗಾಳಿ. ಅವರು ಆಗಲೇ ಒಳಗೆ ಹೋಗಿ ಕೊಕ್ಕೆ ಸ್ಪ್ಯಾನರ್ ಹುಡುಕ್ತಿದ್ದರು.